ಹಳೆಯ ಮನೆಯ ಗೋಡೆ ಕೆದಕಿದಾಗ ಕಂಡ ಪದರಗಳು: ಇವು ಏನೆಂದು ತಿಳಿದವರು ಹೇಳಬೇಕು

ಅಂಕೋಲಾ ಹಳೆಮನೆ:

ಎಲ್ಲರಿಗೂ ನಮಸ್ಕಾರ. ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ಹೊಳೆಗೆ ಸಮೀಪದಲ್ಲಿರುವ ನಮ್ಮ ಅಜ್ಜನ ಕಾಲದ ಮನೆಯನ್ನು ಈ ಬೇಸಿಗೆಯಲ್ಲಿ ದುರಸ್ತಿ ಮಾಡಿಸುತ್ತಿದ್ದೇನೆ. ಪಡುವಣ ದಿಕ್ಕಿನ ಗೋಡೆ ಪ್ರತಿ ಮಳೆಗಾಲದಲ್ಲಿ ಒದ್ದೆಯಾಗಿ, ದೀಪಾವಳಿಯ ಹೊತ್ತಿಗೆ ಬಣ್ಣವೆಲ್ಲ ಹಪ್ಪಳದಂತೆ ಎದ್ದು ಉದುರುತ್ತದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ತಂದೆಯವರು ಇದಕ್ಕೆ ಪರಿಹಾರವೆಂದು ಒಳಗೂ ಹೊರಗೂ ಸಿಮೆಂಟ್ ಗಿಲಾವು ಮಾಡಿಸಿದ್ದರು. ಒದ್ದೆ ಕಡಿಮೆಯಾಗಲಿಲ್ಲ, ಮೊದಲು ಮೊಣಕಾಲಿನ ಎತ್ತರಕ್ಕೆ ನಿಲ್ಲುತ್ತಿದ್ದುದು ಈಗ ಕಿಟಕಿಯ ಮಟ್ಟಕ್ಕೆ ಏರಿದೆ.

ಕಳೆದ ವಾರ ಗೌಂಡಿಯವರು ಜಗುಲಿಯ ಒಳಬದಿಯಲ್ಲಿ, ಕಿಟಕಿಗೂ ಮೂಲೆಗೂ ನಡುವೆ ಸುಮಾರು ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದಷ್ಟು ಸಿಮೆಂಟನ್ನು ಉಳಿಯಿಂದ ಎಬ್ಬಿಸಿದರು. ಮುಕ್ಕಾಲು ಇಂಚು ದಪ್ಪದ ಸಿಮೆಂಟ್ ಹಲಗೆ ಹಲಗೆಯಾಗಿಯೇ ಕಳಚಿ ಬಂತು. ಅದರ ಹಿಂಬದಿಯಲ್ಲಿ ಹತ್ತಿಯಂತೆ ಬೆಳ್ಳಗಿನ ಏನೋ ಬೆಳೆದಿತ್ತು. ನಾಲಗೆಗೆ ತಾಗಿಸಿದರೆ ಉಪ್ಪು. ಸಿಮೆಂಟಿನ ಕೆಳಗೆ ಕಾಗದದಷ್ಟು ತೆಳುವಾದ ಬಿಳಿಯ ಹಕ್ಕಳೆಗಳು ಒಂದರ ಮೇಲೊಂದು, ಹತ್ತಕ್ಕೂ ಹೆಚ್ಚು ಇವೆ. ಅದರ ಕೆಳಗೆ ಇಟ್ಟಿಗೆ ಕೆಂಪಿನ ಒಂದು ತೆಳುವಾದ ಪದರ, ಅದರಲ್ಲಿ ಅಲ್ಲಲ್ಲಿ ಗೀರುಗಳು. ಅದಕ್ಕೂ ಕೆಳಗೆ ಕೆನೆಬಣ್ಣದ ಒರಟು ಗಾರೆ, ನಡುನಡುವೆ ಚಿಪ್ಪಿನ ಚೂರುಗಳು. ಕೊನೆಗೆ ಚಿರೆಕಲ್ಲು, ಕಲ್ಲುಗಳ ಸಂದಿನಲ್ಲಿ ಗಾರೆಯಲ್ಲ, ಬರೀ ಕಂದು ಮಣ್ಣು.

ನಡುಮನೆಗೂ ಅಡುಗೆಮನೆಗೂ ನಡುವಿನ ಗೋಡೆ ಬೇರೆಯೇ ಜಾತಿಯದು. ಬೆರಳಿನಿಂದ ಉಜ್ಜಿದರೆ ಹಿಟ್ಟಿನಂತೆ ಉದುರುವ ಮಣ್ಣು, ಅದರಲ್ಲಿ ಹುಲ್ಲಿನ ತುಂಡು ಮತ್ತು ಭತ್ತದ ಹೊಟ್ಟು, ಒಂದು ಕಡೆ ಬಿದಿರಿನ ಸೀಳು ಸಹ ಕಂಡಿದೆ. ಇನ್ನು ಬಚ್ಚಲಿನ ಅಟ್ಟದ ಕೆಳಗೆ ಮೊಳೆ ಹೊಡೆದು ನಿಲ್ಲಿಸಿದ ಬೂದು ಬಣ್ಣದ ಚಪ್ಪಟೆ ಶೀಟುಗಳಿವೆ. ಒಂದರ ಮೂಲೆ ಮುರಿದಿದ್ದು, ಮುರಿದ ಅಂಚಿನಲ್ಲಿ ಕೂದಲಿನಂಥ ಎಳೆಗಳು ಕಾಣುತ್ತವೆ.

ಎಲ್ಲವನ್ನೂ ಕಲ್ಲಿನವರೆಗೆ ಕೆತ್ತಿ, ಜಾಳಿಗೆ ಹೊಡೆದು, ಹೊಸದಾಗಿ ಸಿಮೆಂಟ್ ಹಾಕಬೇಕೆಂದು ಗೌಂಡಿಯವರು ಹೇಳುತ್ತಾರೆ. ಇವೆಲ್ಲ ಏನೆಂದು ತಿಳಿಯದೆ ಕೆತ್ತಿಸಲು ನನಗೆ ಮನಸ್ಸಿಲ್ಲ. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳಿದ್ದರೆ ದಯವಿಟ್ಟು ತಿಳಿಸಿ.

ನಿವೃತ್ತ ಓವರ್‌ಸಿಯರ್, ಕುಮಟಾ:

ಮಾನ್ಯರೇ, ನೀವು ಪದರಗಳನ್ನು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಬರೆದಿರುವುದರಿಂದ ಅರ್ಧ ಕೆಲಸ ಮುಗಿದಂತೆಯೇ ಆಗಿದೆ. ಬಿಳಿಯ ಹಕ್ಕಳೆಗಳು ವರ್ಷ ವರ್ಷವೂ ಹಬ್ಬದ ಮುಂಚೆ ಬಳಿದ ಸುಣ್ಣ. ಕೆನೆಬಣ್ಣದ ಗಾರೆ ಬಹುಮಟ್ಟಿಗೆ ಚಿಪ್ಪಿನ ಸುಣ್ಣದ್ದು. ನಮ್ಮ ಕರಾವಳಿಯಲ್ಲಿ ಸುಣ್ಣದ ಕಲ್ಲು ದುರ್ಲಭ, ಆದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕೂ ಹೊಳೆಗಳ ಅಳಿವೆಗಳಲ್ಲಿ ಬಳಚು ಮತ್ತು ಇತರ ಚಿಪ್ಪುಗಳು ಹೇರಳ. ಅವನ್ನು ಭಟ್ಟಿಯಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಮರಳಿನೊಂದಿಗೆ ಅರೆದು ಗಾರೆ ಮಾಡುತ್ತಿದ್ದರು. ಸರಿಯಾಗಿ ಸುಡದೆ ಉಳಿದ ಚಿಪ್ಪಿನ ಚೂರುಗಳೇ ನಿಮಗೆ ಕಂಡಿರುವುದು.

ಪರೀಕ್ಷೆ ಹೀಗೆ ಮಾಡಿ. ಪ್ರತಿ ಪದರದಿಂದ ಗೋಲಿಯಷ್ಟು ದೊಡ್ಡ ಚೂರನ್ನು ತೆಗೆದು ಬೇರೆ ಬೇರೆ ಪೊಟ್ಟಣದಲ್ಲಿಟ್ಟು, ಯಾವುದು ಎಲ್ಲಿಯದೆಂದು ಆಗಲೇ ಬರೆದಿಡಿ. ಮೊದಲು ಮೊಳೆಯಿಂದ ಗೀರಿ ನೋಡಿ: ಸುಣ್ಣದ ಗಾರೆಯಲ್ಲಿ ಮೊಳೆ ಇಳಿದು ಪುಡಿ ಉದುರುತ್ತದೆ, ಒಳ್ಳೆಯ ಸಿಮೆಂಟಿನ ಮೇಲೆ ಬರೀ ಗೆರೆ ಮೂಡುತ್ತದೆ. ಅನಂತರ ಒಂದು ಚೂರನ್ನು ಲೋಟದ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಮಣ್ಣಾದರೆ ಕರಗಿ ತಳಕ್ಕೆ ಕೂರುತ್ತದೆ, ಸುಣ್ಣದ ಗಾರೆಯಾದರೆ ಇದ್ದ ಹಾಗೆಯೇ ಇರುತ್ತದೆ. ಮೂರನೆಯದಾಗಿ ಅಂಗಡಿಯ ವಿನೆಗರ್ ನಾಲ್ಕು ಹನಿ ಬಿಡಿ. ಸುಣ್ಣದ ಗಾರೆ ಕೂಡಲೇ ನೊರೆಯುಕ್ಕಿಸಿ ಚುರ್ ಎನ್ನುತ್ತದೆ. ಹಳೆಯ ಸಿಮೆಂಟೂ ಗಾಳಿ ಕುಡಿದು ಸ್ವಲ್ಪ ನೊರೆ ಬಿಡುವುದರಿಂದ, ಈ ಪರೀಕ್ಷೆಯೊಂದನ್ನೇ ನಂಬಬೇಡಿ. ಬಣ್ಣ, ಗಡಸುತನ, ನೊರೆ ಮೂರೂ ಒಂದೇ ಮಾತು ಹೇಳಬೇಕು.

ಚಿರೆಕಲ್ಲಿನ ಬಗ್ಗೆ ನಿಮಗೆ ಅನುಮಾನವಿಲ್ಲವಾದರೂ ಅದರ ಗುಣವನ್ನು ನೋಡಿಕೊಳ್ಳಬೇಕು. 1800–01ರಲ್ಲಿ ಮೈಸೂರು, ಮಲಬಾರ್, ಕೆನರಾ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟದ್ದು, ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ. ನೆಲದೊಳಗಿರುವಾಗ ಕೊಡಲಿಗೂ ಸಿಗುವಷ್ಟು ಮೆತ್ತಗಿದ್ದು, ಕಡಿದು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುವುದು ಇದರ ಗುಣ. ಗಣಿಯ ಮೇಲಿನ ಕಲ್ಲು ಗಟ್ಟಿ. ಆಳಕ್ಕೆ ಹೋದಂತೆ ಕಲ್ಲಿನ ತೂತುಗಳಲ್ಲಿ ಬಿಳಿ, ಹಳದಿ ಜೇಡಿ ತುಂಬಿಕೊಂಡು ಮೆತ್ತಗಾಗುತ್ತದೆ. ನಿಮ್ಮ ಗೋಡೆಯ ಕೆಳಗಿನ ಎರಡು ಸಾಲುಗಳನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಟಣ್ ಎಂದರೆ ಒಳ್ಳೆಯ ಕಲ್ಲು. ದಬ್ ಎಂದು, ತಟ್ಟಿದಲ್ಲಿ ಪುಡಿ ಬಿದ್ದರೆ ಆ ಕಲ್ಲನ್ನು ಬದಲಿಸುವ ವಿಚಾರ ಮಾಡಬೇಕಾಗುತ್ತದೆ.

ಒದ್ದೆಯ ಕಾರಣವೂ ಈ ಪದರಗಳಲ್ಲಿಯೇ ಇದೆ. ಚಿರೆಕಲ್ಲು, ಮಣ್ಣು, ಸುಣ್ಣ ಮೂರೂ ನೀರು ಕುಡಿಯುತ್ತವೆ, ಬಿಸಿಲು ಬಿದ್ದಾಗ ಬಿಟ್ಟುಕೊಡುತ್ತವೆ. ಸಿಮೆಂಟ್ ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುಗಾಳಿಯೊಡನೆ ಬಡಿಯುವ ಮಳೆ ಸಿಮೆಂಟಿನ ಕೂದಲೆಳೆಯಂಥ ಬಿರುಕುಗಳಲ್ಲಿ ಒಳಹೋಗುತ್ತದೆ, ನೆಲದಿಂದಲೂ ತೇವ ಏರುತ್ತದೆ, ಹೊರಬರಲು ಮಾತ್ರ ದಾರಿಯಿಲ್ಲ. ದಾರಿ ಹುಡುಕುತ್ತ ಅದು ಮೇಲಕ್ಕೆ ಹೋಗುತ್ತದೆ. ಆದ್ದರಿಂದಲೇ ಮೊಣಕಾಲಿನ ಮಟ್ಟದಲ್ಲಿದ್ದ ಒದ್ದೆ ಕಿಟಕಿಗೆ ಬಂದಿದೆ. ನೀರು ಆರುವಲ್ಲಿ ಉಪ್ಪು ಹರಳುಗಟ್ಟಿ ಸಿಮೆಂಟನ್ನು ಹಿಂದಿನಿಂದ ತಳ್ಳಿದೆ. ಅದು ಹಲಗೆಯಾಗಿ ಕಳಚಿದ್ದು ಹಾಗೆ. ಆಗ ಬಳಸಿದ ಮರಳು ಅಳಿವೆಯ ಉಬ್ಬರ ತಲುಪುವ ಜಾಗದಿಂದ ತಂದದ್ದಾದರೆ ಉಪ್ಪು ಅದರಲ್ಲೇ ಬಂದಿರಲೂ ಸಾಕು. ಬೆಳ್ಳಗಿನ ಹತ್ತಿಯನ್ನು ನೀರಿನಿಂದ ತೊಳೆಯಬೇಡಿ, ಕರಗಿ ಗೋಡೆಯೊಳಕ್ಕೇ ಮರಳುತ್ತದೆ. ಒಣ ಕುಂಚದಿಂದ ಗುಡಿಸಿ, ಮನೆಯಿಂದಾಚೆ ಹಾಕಿ.

ಗೋಡೆಯಲ್ಲಿ ಎಲ್ಲೂ ಮೂಲದ ಸಿಮೆಂಟ್ ಇಲ್ಲದಿರುವುದರಿಂದ ಮನೆ ನೂರು ವರ್ಷಕ್ಕೂ ಹಳೆಯದಿರಬೇಕೆಂದು ನನ್ನ ಅಂದಾಜು.

ಶಿರಸಿ ಸೀಮೆಯವ:

ಓವರ್‌ಸಿಯರ್ ಸಾಹೇಬರು ಹೇಳಿದ ಬಹುತೇಕ ಮಾತುಗಳನ್ನು ಒಪ್ಪುತ್ತೇನೆ, ಕೊನೆಯ ಅಂದಾಜೊಂದನ್ನು ಬಿಟ್ಟು. ನಮ್ಮ ದೇಶದಲ್ಲಿ ಸಿಮೆಂಟ್ ಕಾರ್ಖಾನೆ ಪೋರಬಂದರಿನಲ್ಲಿ 1914ರಲ್ಲಿ ನೆಲೆಗೊಂಡಿತೆಂಬುದು ನಿಜ, ಆದರೆ ಆ ಚೀಲ ಘಟ್ಟದ ಕೆಳಗಿನ ಹಳ್ಳಿಯ ಮನೆಗೆ ಬರಲು ಮತ್ತೆ ಎಷ್ಟೋ ದಶಕಗಳು ಬೇಕಾದವು. ನಮ್ಮ ಮನೆಯ ಕೊಟ್ಟಿಗೆಯ ಗೋಡೆಯನ್ನು ನಾನು ಶಾಲೆಗೆ ಹೋಗುವಾಗ ಮಣ್ಣಿನಲ್ಲಿಯೇ ಕಟ್ಟಿದರು, ನಾನೇ ಕೆಸರು ತುಳಿದಿದ್ದೇನೆ. ಹೀಗಿರುವಾಗ ಸಿಮೆಂಟ್ ಇಲ್ಲವೆಂಬುದರಿಂದ ಕಾಲ ನಿರ್ಣಯ ಮಾಡಲಾಗದು.

ನಿಮ್ಮ ನಡುಗೋಡೆಯ ವಿಷಯಕ್ಕೆ ಬರುತ್ತೇನೆ. ಮಣ್ಣಿನ ಗೋಡೆಯಲ್ಲಿ ಎರಡು ಬಗೆ, ಎರಡಕ್ಕೂ ಉಪಚಾರ ಬೇರೆ. ಒಂದು, ಹುಲ್ಲು ಸೇರಿಸಿ ಕೊಳೆಸಿದ ಕೆಸರನ್ನು ಉಂಡೆ ಮಾಡಿ, ಒಂದು ವರಸೆ ಇಟ್ಟು ಅದು ಬಿಗಿದ ಮೇಲೆ ಮತ್ತೊಂದು ವರಸೆ ಇಡುತ್ತ ಏರಿಸಿದ್ದು. ಇದು ದಪ್ಪ, ಒಂದು ಮೊಳಕ್ಕೆ ಕಡಿಮೆಯಿರದು, ಭಾರವನ್ನೂ ಹೊರುತ್ತದೆ. ಇನ್ನೊಂದು, ಬಿದಿರಿನ ತಟ್ಟಿ ಹೆಣೆದು ಎರಡೂ ಬದಿಗೆ ಮಣ್ಣು ಮೆತ್ತಿದ್ದು. ಇದು ತೆಳು, ಬರೀ ಮರೆಗೆ ನಿಂತದ್ದು. ನಿಮಗೆ ಬಿದಿರಿನ ಸೀಳು ಕಂಡಿರುವುದರಿಂದ ಎರಡನೆಯದೆಂದು ತೋರುತ್ತದೆ, ಆದರೂ ಬಾಗಿಲ ದಾರಂದದ ಪಕ್ಕದಲ್ಲಿ ಗೋಡೆಯ ದಪ್ಪವನ್ನು ಅಳೆದು ನೋಡಿ. ನಾಲ್ಕೈದು ಇಂಚಿದ್ದರೆ ತಟ್ಟಿಗೋಡೆಯೇ ಸರಿ. ಹದಿನೈದು ಇಂಚಿದ್ದರೆ ಆ ಬಿದಿರು ಯಾವುದೋ ಕಾಲದಲ್ಲಿ ಮುಚ್ಚಿದ ಕಿಂಡಿಯದಿರಬಹುದು; ಮಾಡಿನ ತೊಲೆ ಅದರ ಮೇಲೆ ಕುಳಿತಿದೆಯೇ ಎಂದು ನೋಡದೆ ಒಂದು ಹಿಡಿ ಮಣ್ಣನ್ನೂ ತೆಗೆಯಬೇಡಿ.

ಮಣ್ಣಿನ ಹದವನ್ನು ತಿಳಿಯಲು ಉದ್ದನೆಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಗೋಡೆಯ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದೊಳಗೆ ಕೂರುತ್ತದೆ, ಅದರ ಮೇಲೆ ನಯವಾದ ಗೋಡು, ಎಲ್ಲಕ್ಕೂ ಮೇಲೆ ಜೇಡಿ. ಜೇಡಿ ಕೂರಲು ಮರುದಿನ ಬೇಕಾಗಬಹುದು. ತೇಪೆ ಹಾಕುವ ಮಣ್ಣಿನಲ್ಲಿಯೂ ಅದೇ ಪ್ರಮಾಣ ಬಂದರೆ ಬಿರುಕು ಬಿಡದೆ ಕೂಡಿಕೊಳ್ಳುತ್ತದೆ. ಹಿಟ್ಟಿನಂತೆ ಉದುರುವುದು ಒಂದೋ ಜೇಡಿ ಕಡಿಮೆಯಾಗಿ, ಇಲ್ಲವೇ ಒಳಗೆ ಒರಲೆ ಓಡಾಡಿ. ಒರಲೆಯಾದರೆ ಪೆನ್ಸಿಲ್ ದಪ್ಪದ ಸುರಂಗಗಳು ಕಾಣಬೇಕು. ಟಾರ್ಚನ್ನು ನೇರವಾಗಿ ಹಿಡಿಯದೆ ಗೋಡೆಗೆ ಒತ್ತಿ ಓರೆಯಾಗಿ ಹಿಡಿದು ನೋಡಿ.

ಕೆಂಪು ಪದರದ ಬಗ್ಗೆ ಒಂದು ಮಾತು. ಘಟ್ಟದ ಮೇಲಿನ ನಮ್ಮ ಮನೆಗಳಲ್ಲಿ ಕೆಮ್ಮಣ್ಣು ಬಳಿದು ಶೇಡಿ ಎಂಬ ಬಿಳಿ ಮಣ್ಣಿನಿಂದ ಚಿತ್ರ ಬರೆಯುವ ರೂಢಿಯಿದೆ. ಒದ್ದೆ ಬೆರಳಿನಿಂದ ಉಜ್ಜಿದರೆ ಕೆಮ್ಮಣ್ಣೂ ಶೇಡಿಯೂ ಬೆರಳಿಗೆ ಹತ್ತುತ್ತವೆ, ಎರಡೂ ಮಣ್ಣಾದ್ದರಿಂದ ವಿನೆಗರಿಗೆ ನೊರೆ ಬಿಡುವುದಿಲ್ಲ. ನಿಮ್ಮದು ಹಾಗೆ ಮಾಡದಿದ್ದರೆ ಅದು ಕೆಮ್ಮಣ್ಣಲ್ಲ, ಬೇರೇನೋ. ಗೀರುಗಳೆಂದಿರಲ್ಲ, ಅವು ಅಡ್ಡಾದಿಡ್ಡಿ ಇವೆಯೇ, ಲೆಕ್ಕಕ್ಕೆ ಸಿಗುವಂತಿವೆಯೇ?

ಕಾರವಾರದ ಸುರಕ್ಷತಾ ಮೇಲ್ವಿಚಾರಕ:

ಎಲ್ಲರೂ ಗೋಡೆಯ ಮಾತಿನಲ್ಲಿ ತೊಡಗಿರುವಾಗ ಬೂದು ಶೀಟಿನ ಮಾತು ಹಿಂದೆ ಬಿದ್ದಿದೆ. ನನ್ನ ದೃಷ್ಟಿಯಲ್ಲಿ ಅದು ಮೊದಲು ಬರಬೇಕಿತ್ತು. ಅದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಸೇರಿದ ಸಿಮೆಂಟ್ ಶೀಟ್ ಆಗಿರುವ ಸಾಧ್ಯತೆ ಹೆಚ್ಚು. ಕಲ್ನಾರಿಲ್ಲದ ನಾರಿನ ಶೀಟುಗಳೂ ಇವೆ, ಕಣ್ಣಿನಿಂದ ನೋಡಿ ಎರಡನ್ನೂ ಬೇರ್ಪಡಿಸಲು ಯಾರಿಂದಲೂ ಆಗದು. ಪ್ರಯೋಗಾಲಯದಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ ಎಳೆಗಳನ್ನು ನೋಡಿಯೇ ಹೇಳಬೇಕು. ಸುಟ್ಟು ನೋಡುವುದು, ಉಗುರಿನಿಂದ ಎಳೆಯುವುದು, ಮೂಸುವುದು ಇವೆಲ್ಲ ಪರೀಕ್ಷೆಗಳಲ್ಲ, ಅಪಾಯಗಳು. ವರದಿ ಬರುವವರೆಗೆ ಕಲ್ನಾರೇ ಎಂದು ತಿಳಿದು ನಡೆಯಿರಿ.

ಮುರಿಯದೆ, ಬಣ್ಣ ಬಳಿದು ಸುಮ್ಮನೆ ಇದ್ದಲ್ಲಿಯೇ ಇರುವ ಶೀಟಿನಿಂದ ಅಪಾಯ ಬಹಳ ಕಡಿಮೆ. ಗರಗಸ, ಗ್ರೈಂಡರ್, ಸುತ್ತಿಗೆ ತಾಗಿದ ಕ್ಷಣದಿಂದ ಲೆಕ್ಕ ಬೇರೆ. ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶದಲ್ಲಿ ಕುಳಿತು, ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಅನಂತರ ರೋಗವಾಗುತ್ತವೆ, ಅವುಗಳಲ್ಲಿ ಕ್ಯಾನ್ಸರೂ ಒಂದು. ನಾನು ಹಿಂದೆ ಕೆಲಸ ಮಾಡಿದ ಜಾಗವೊಂದರಲ್ಲಿ ಗುತ್ತಿಗೆದಾರರು ಇಂಥ ಶೀಟುಗಳನ್ನು ಮೇಲಿನಿಂದ ಕೆಳಕ್ಕೆ ಎಸೆಸಿ ಪುಡಿ ಮಾಡಿಸಿ, ಆ ಪುಡಿಯನ್ನು ಅಂಗಳದ ತಗ್ಗಿಗೆ ತುಂಬಿಸಿದ್ದನ್ನು ಕಂಡಿದ್ದೇನೆ. ತಡೆಯುವ ಅಧಿಕಾರ ಅಂದು ನನಗಿರಲಿಲ್ಲ, ಅದರ ಸಂಕಟ ಇಂದಿಗೂ ಇದೆ. ಆದ್ದರಿಂದ ಕಟುವಾಗಿ ಬರೆದಿದ್ದರೆ ಕ್ಷಮಿಸಿ.

ಮುರಿದ ಮೂಲೆಯ ಮೇಲೆ ಗಟ್ಟಿ ಬಣ್ಣ ಹಚ್ಚಿ ಎಳೆಗಳನ್ನು ಅಲ್ಲೇ ಕಟ್ಟಿಹಾಕಿ. ತೆಗೆಯಲೇಬೇಕಾದರೆ ಈ ಕೆಲಸ ಬಲ್ಲವರಿಂದ, ಸಾಬೂನು ನೀರು ಸಿಂಪಡಿಸಿ ತೋಯಿಸಿ, ಮೊಳೆಗಳನ್ನು ಹುಷಾರಾಗಿ ಕಿತ್ತು, ಶೀಟನ್ನು ಇಡಿಯಾಗಿ ಇಳಿಸಿಸಿ. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಮೇಲೆ ಹೆಸರು ಬರೆದು, ಎಲ್ಲಿಗೆ ಒಪ್ಪಿಸಬೇಕೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಪ್ರಯೋಜನವಿಲ್ಲ, ಅತಿ ಸೂಕ್ಷ್ಮ ಧೂಳನ್ನೂ ಸೋಸುವ ಎಫ್‌ಎಫ್‌ಪಿ 3 ದರ್ಜೆಯ ಮಾಸ್ಕ್ ಬೇಕು. ಕೆಳಗೆ ಬಿದ್ದ ಪುಡಿಯನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಅದೇ ಕಟ್ಟಿಗೆ ಸೇರಿಸಿ.

ಹಾಗೆಯೇ ಕಿಟಕಿ ಬಾಗಿಲುಗಳಲ್ಲಿ ಹಳೆಯ ಎಣ್ಣೆ ಬಣ್ಣವಿದ್ದರೆ ಅದನ್ನು ಒಣಗಿದಂತೆಯೇ ಉಜ್ಜಬೇಡಿ, ಬೆಂಕಿಯಿಂದ ಸುಟ್ಟು ತೆಗೆಯಬೇಡಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿದ್ದೀತೆಂದು ಊಹಿಸಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದು ಮುಖ್ಯ.

ಅಂಕೋಲಾ ಹಳೆಮನೆ:

ತಮ್ಮೆಲ್ಲರಿಗೂ ಕೃತಜ್ಞತೆಗಳು. ಶೀಟಿನ ಕೋಣೆಗೆ ಬೀಗ ಹಾಕಿದ್ದೇನೆ, ಮುರಿದ ಅಂಚಿಗೆ ಬಣ್ಣ ಹಚ್ಚಿದ್ದೇನೆ. ಉಳಿದ ಪರೀಕ್ಷೆಗಳ ಫಲ ಹೀಗಿದೆ.

ಕೆನೆಬಣ್ಣದ ಗಾರೆ ವಿನೆಗರಿಗೆ ಜೋರಾಗಿ ನೊರೆಯುಕ್ಕಿಸಿತು, ನೀರಿನಲ್ಲಿ ಕರಗಲಿಲ್ಲ. ಕಲ್ಲಿನ ಸಂದಿನ ಕಂದು ಮಣ್ಣು ಬೆಳಗಾಗುವಷ್ಟರಲ್ಲಿ ಲೋಟದ ತಳದಲ್ಲಿ ರಾಡಿಯಾಗಿತ್ತು. ನಡುಗೋಡೆಯ ದಪ್ಪ ನಾಲ್ಕೂವರೆ ಇಂಚು. ತೊಲೆ ಅದರ ಮೇಲೆ ಕುಳಿತಿಲ್ಲ, ಅದು ತಟ್ಟಿಗೋಡೆಯೇ. ಟಾರ್ಚನ್ನು ಓರೆಯಾಗಿ ಹಿಡಿದಾಗ ಒರಲೆಯ ಎರಡು ಸುರಂಗಗಳು ಕಂಡವು, ಎರಡೂ ಖಾಲಿ.

ಕೆಂಪು ಪದರವೇ ಸೋಜಿಗ. ಒದ್ದೆ ಬೆರಳಿಗೆ ಬಣ್ಣ ಹತ್ತಲಿಲ್ಲ, ವಿನೆಗರ್ ಬಿಟ್ಟಲ್ಲಿ ನೊರೆ ಬಂತು. ಟಾರ್ಚನ್ನು ಅಲ್ಲಿಯೂ ಓರೆಯಾಗಿ ಹಿಡಿದೆ. ಗೀರುಗಳು ಅಡ್ಡಾದಿಡ್ಡಿ ಇಲ್ಲ. ಅಂಗೈಯಗಲದ ವೃತ್ತ, ಅದರೊಳಗೆ ಆರು ಎಸಳಿನ ಹೂವು, ಪಕ್ಕದಲ್ಲಿ ಮತ್ತೊಂದು ಅರ್ಧ ವೃತ್ತ ಸುಣ್ಣದ ಹಕ್ಕಳೆಯ ಕೆಳಗೆ ನುಸುಳಿದೆ. ಹೂವಿನ ನಟ್ಟನಡುವೆ ಸೂಜಿ ಚುಚ್ಚಿದಷ್ಟು ಚಿಕ್ಕ ತೂತೊಂದಿದೆ. ಕೆಂಪನ್ನು ಕೆರೆದಲ್ಲಿ ಕೆಳಗಿನ ಬಿಳಿ ಕಾಣುತ್ತದೆ. ಬಿಳಿಯನ್ನು ಮೇಲೆ ಬಳಿದದ್ದಲ್ಲ.

ಇನ್ನೊಂದು ವಿಷಯ. ಕಿಟಕಿಯ ಮೇಲಿನ ಕಲ್ಲಿನ ಸಂದಿನಲ್ಲಿ ಮಣ್ಣಿನ ಜೊತೆ ತುರುಕಿದ ಹಂಚಿನ ಚೂರು ಸಿಕ್ಕಿತು. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮಿಷನ್ ಎಂಬ ಪದವೂ, ಕೆಳಗೆ 1865 ಎಂಬ ಅಂಕಿಯೂ ಇವೆ. ಹಾಗಾದರೆ ಮನೆ 1865ರದೇ?

ಹೊನ್ನಾವರದ ಕಾವಿ ಆಸಕ್ತೆ:

ದಯವಿಟ್ಟು ಗೌಂಡಿಯವರನ್ನು ಆ ಗೋಡೆಯಿಂದ ದೂರವಿಡಿ! ನೀವು ವರ್ಣಿಸಿದ್ದು ಕಾವಿ ಚಿತ್ರ. ಕೊಂಕಣ ಕರಾವಳಿಯ ದೇವಸ್ಥಾನಗಳಲ್ಲಿ, ಕೆಲವು ಹಳೆಯ ಮನೆಗಳಲ್ಲಿ ಇದ್ದ ಕಲೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ಇಂದಿಗೂ ನೋಡಬಹುದು. ಹೊನ್ನಾವರದವರೇ ಆದ ಕೃಷ್ಣಾನಂದ ಕಾಮತರು ಇದನ್ನು ಊರೂರು ತಿರುಗಿ ದಾಖಲಿಸಿದ್ದಾರೆ.

ಇದನ್ನು ಬಣ್ಣವೆನ್ನುವುದಕ್ಕಿಂತ ಗಾರೆಯೆನ್ನುವುದೇ ಸರಿ. ಚಿಪ್ಪಿನ ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಕೊಳೆಸಿ ಕುಟ್ಟಿದ ಬಿಳಿ ಗಾರೆಯನ್ನು ಮೊದಲು ಹಚ್ಚುತ್ತಿದ್ದರು. ಅದು ಹಸಿಯಿರುವಾಗಲೇ ಕಾವಿಮಣ್ಣು ಕಲಸಿದ ಸುಣ್ಣವನ್ನು ತೆಳ್ಳಗೆ ಮೇಲೆ ಎಳೆದು, ಉಕ್ಕಿನ ಮೊನೆಯಿಂದ ಬೇಡದ ಕೆಂಪನ್ನು ಕೆರೆದು ತೆಗೆಯುತ್ತಿದ್ದರು. ಉಳಿದ ಕೆಂಪು, ಕೆಳಗಿನಿಂದ ಇಣುಕಿದ ಬಿಳಿ, ಇವೆರಡೇ ಚಿತ್ರ. ಎರಡೂ ಸುಣ್ಣವಾಗಿ ಒಟ್ಟಿಗೇ ಬಿಗಿಯುವುದರಿಂದ ಬೆರಳಿಗೆ ಹತ್ತುವುದಿಲ್ಲ. ನಡುವಿನ ಸೂಜಿತೂತು ಕೈವಾರದ ಕಾಲು ನಿಂತ ಜಾಗ.

ಮೇಲಿನ ಹಕ್ಕಳೆಗಳನ್ನು ಉಳಿಯಿಂದಾಗಲಿ ಆಮ್ಲದಿಂದಾಗಲಿ ತೆಗೆಯಬೇಡಿ, ವಿನೆಗರನ್ನು ಇನ್ನು ಒಂದು ಹನಿಯೂ ಬಿಡಬೇಡಿ. ಅದು ಕೆಂಪನ್ನೂ ತಿನ್ನುತ್ತದೆ. ಮೊದಲು ಅಳತೆಪಟ್ಟಿ ಪಕ್ಕಕ್ಕಿಟ್ಟು ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಗೋಡೆ ಒಣಗಿದ ಮೇಲೆ ಬಿದಿರಿನ ಚೂಪು ಕಡ್ಡಿಯಿಂದ, ದಿನಕ್ಕೆ ಅಂಗೈಯಷ್ಟು ಜಾಗವನ್ನು ಮಾತ್ರ ಬಿಡಿಸಿ ನೋಡಬಹುದು. ಟೊಳ್ಳು ಸದ್ದು ಬಂದಲ್ಲಿ ಅದನ್ನೂ ನಿಲ್ಲಿಸಿ, ಭಿತ್ತಿಚಿತ್ರ ಸಂರಕ್ಷಣೆ ಬಲ್ಲವರನ್ನು ಕರೆಯಿಸಿ.

ನಿವೃತ್ತ ಓವರ್‌ಸಿಯರ್, ಕುಮಟಾ:

ಶಿರಸಿಯ ಮಿತ್ರರು ನನ್ನ ಅಂದಾಜನ್ನು ತಿದ್ದಿದ್ದು ಸರಿಯಾಗಿದೆ, ಒಪ್ಪಿಕೊಂಡೆ. ಆದರೆ ಈ ಹಂಚು ಮಾತನಾಡುತ್ತದೆ. 1865 ಎಂಬುದು ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ. ಅನಂತರ ಒತ್ತಿದ ಹಂಚುಗಳ ಮೇಲೂ ಅದೇ ಅಂಕಿ ಇರುತ್ತಿತ್ತು. ಮೊದಲನೆಯ ಮಹಾಯುದ್ಧದ ಬಳಿಕ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು, ಮುದ್ರೆಯ ಹೆಸರೂ ಬದಲಾಯಿತು. ಆದ್ದರಿಂದ ನಿಮ್ಮ ಚೂರು 1865ಕ್ಕೂ ಸುಮಾರು 1920ಕ್ಕೂ ನಡುವಿನದು. ಗೋಡೆಯ ಮಾತು ಬೇರೆ: ಒಡೆದ ಹಂಚನ್ನು ಎಷ್ಟೋ ವರ್ಷ ಹಿತ್ತಿಲಲ್ಲಿ ಬಿಟ್ಟು ಅನಂತರ ಸಂದಿಗೆ ತುರುಕುವುದುಂಟು. ಕಿಟಕಿಯ ಮೇಲಿನ ಆ ಭಾಗ 1865ಕ್ಕಿಂತ ಹಿಂದಿನದಲ್ಲ ಎಂಬಷ್ಟನ್ನೇ ಖಚಿತವಾಗಿ ಹೇಳಬಹುದು. ಕಿಟಕಿಯನ್ನು ತಡವಾಗಿ ಕೂರಿಸಿದ್ದಾದರೆ ಉಳಿದ ಗೋಡೆ ಇನ್ನೂ ಹಳೆಯದಿರಲೂ ಸಾಧ್ಯ. ಕಿಟಕಿಯಿಂದ ದೂರದ ಸಂದುಗಳಲ್ಲಿಯೂ ಹಂಚಿನ ಚೂರುಗಳಿವೆಯೇ ನೋಡಿ.

ಈಗ ಮಾಡಬೇಕಾದ ಕೆಲಸ: ಈ ಬೇಸಿಗೆಯಲ್ಲಿ ಹೊರಬದಿಯ ಸಿಮೆಂಟನ್ನು ಮಾತ್ರ ಕಳಚಿಸಿ, ಒಳಗಿನ ಕೆಂಪು ಪದರ ಅದುರದಂತೆ ಕೈ ಉಳಿಯಿಂದಲೇ, ಯಂತ್ರದಿಂದ ಬೇಡ. ಬರಿಗಲ್ಲು ಮೇ ಕೊನೆಯವರೆಗೆ ಒಣಗಲಿ. ಮಳೆಗಾಲಕ್ಕೆ ಮೊದಲು ಹಿಂದಿನವರು ಮಾಡುತ್ತಿದ್ದಂತೆ ಪಡುವಣಕ್ಕೆ ಮಡಲಿನ ತಟ್ಟಿ ಕಟ್ಟಿಸಿ, ಗೋಡೆಗೂ ತಟ್ಟಿಗೂ ನಡುವೆ ಒಂದಡಿ ಗಾಳಿಯಾಡಲಿ. ಸುಣ್ಣದ ಗಿಲಾವನ್ನು ದೀಪಾವಳಿಯ ಅನಂತರವೇ ಆರಂಭಿಸಿ, ಏಕೆಂದರೆ ಸುಣ್ಣ ಗಾಳಿಯಿಂದ ನಿಧಾನವಾಗಿ ಬಿಗಿಯುವಂಥದ್ದು, ಅದಕ್ಕೆ ವಾರಗಟ್ಟಲೆ ಸಮಯ ಬೇಕು. ಜಾಳಿಗೆಯನ್ನು ಈಗಾಗಲೇ ತಂದಿದ್ದರೆ ಅಂಗಡಿಯವರು ಮರಳಿ ತೆಗೆದುಕೊಳ್ಳುತ್ತಾರೆಯೇ ವಿಚಾರಿಸಿ.

ಅಂಕೋಲಾ ಹಳೆಮನೆ:

ಎರಡು ಸುರುಳಿ ತಂದಾಗಿದೆ, ಮರಳಿ ತೆಗೆದುಕೊಳ್ಳುವುದಿಲ್ಲವಂತೆ. ಹಿತ್ತಿಲಿನ ಬಸಳೆ ಚಪ್ಪರಕ್ಕೆ ಆಗುತ್ತದೆಂದು ತಾಯಿಯವರು ಹೇಳಿದರು. ಗೌಂಡಿಯವರಿಗೆ ಹೂವಿನ ನಡುವಿನ ತೂತನ್ನು ತೋರಿಸಿದೆ. ಬಹಳ ಹೊತ್ತು ನೋಡಿ, ತಮ್ಮ ಅಜ್ಜ ಸುಣ್ಣದ ಗಾರೆ ಅರೆಯುತ್ತಿದ್ದರೆಂದೂ, ನಾಳೆ ಸಣ್ಣ ಉಳಿ ತರುತ್ತೇನೆಂದೂ ಹೇಳಿ ಹೋದರು. ಕಿಟಕಿಯಿಂದ ದೂರದ ಮೂರು ಸಂದುಗಳನ್ನು ನೋಡಿದ್ದೇನೆ, ಹಂಚು ಸಿಕ್ಕಿಲ್ಲ. ಶೀಟಿನ ವರದಿ ಬಂದ ಕೂಡಲೇ ಇಲ್ಲಿ ಬರೆಯುತ್ತೇನೆ.